ಉದಕಮಂಡಲದ ಚಳಿ ಮತ್ತು ಕೆ. ವೆಂಕಟಪ್ಪನವರ ದಿನಚರಿ

ಕಲಾವಿದ ಕೆ. ವೆಂಕಟಪ್ಪನವರ (1886–1965) ಪ್ರಸ್ತಾಪ ಬಂದಾಗಲೆಲ್ಲ ಅವರ ಚಿತ್ರಗಳಿಗಿಂತ ಮೊದಲು ಅವರ ವ್ರತನಿಷ್ಠೆಯ ಕಥೆಗಳು ಮುಂದೆ ಬರುತ್ತವೆ. ಅವರು ಮದುವೆಯಾಗಲಿಲ್ಲ, ಚಿತ್ರಗಳನ್ನು ಮಾರಲು ಮನಸ್ಸು ಮಾಡಲಿಲ್ಲ, ಗಡಿಯಾರಕ್ಕೆ ಹೊಂದಿಸಿದಂತೆ ಬದುಕಿದರು ಎಂಬ ಸಂಗತಿಗಳು ಅವರನ್ನು ಒಬ್ಬ ವಿಲಕ್ಷಣ ವ್ಯಕ್ತಿಯಾಗಿಸಿವೆ. ಆದರೆ ಈ ಕಟ್ಟುನಿಟ್ಟು ಕೇವಲ ಸ್ವಭಾವದ ವಿಲಕ್ಷಣತೆಯಲ್ಲ, ಅವರ ಕಲೆಯ ಕೆಲಸದ ಕ್ರಮವೂ ಹೌದು. 1926ರ ಸುಮಾರಿನ ಉದಕಮಂಡಲದ ನಿಸರ್ಗಚಿತ್ರಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅವರನ್ನು ಕುರಿತ ಪುಸ್ತಕವೊಂದನ್ನು ಲಲಿತ ಕಲಾ ಅಕಾಡೆಮಿಗೆ ಬರೆದುಕೊಟ್ಟವರು ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ ಹುಟ್ಟಿದ ಕವಿ ವಿ. ಸೀತಾರಾಮಯ್ಯನವರು. ಹೀಗಾಗಿ ವೆಂಕಟಪ್ಪನವರ ಬದುಕು ಕಲಾ ಇತಿಹಾಸಕ್ಕೆ ಸೇರಿದಷ್ಟೇ ಕನ್ನಡ ಸಾಹಿತ್ಯದ ಅಧ್ಯಯನಕ್ಕೂ ಸೇರಿದ್ದಾಗಿದೆ.

ವೆಂಕಟಪ್ಪನವರು ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದವರು. ಈ ಮನೆತನದವರಿಗೆ ಚಿತ್ರ ಬರೆಯುವುದು ಕುಲಕಸುಬು, ಅರಮನೆಯೇ ಆಶ್ರಯ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳಾಗಿದ್ದರು, ನಂದಲಾಲ ಬೋಸ್ ಸಹಪಾಠಿಗಳಾಗಿದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದು 1913ರಲ್ಲಿ ಪ್ರಕಟವಾದ ಗ್ರಂಥಕ್ಕೆ ವೆಂಕಟಪ್ಪನವರು ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಭಾರತೀಯ ಚಿತ್ರಕಲೆಯ ಅಂಗಾಂಗ ಲಕ್ಷಣಗಳನ್ನು ಕುರಿತ ಅವನೀಂದ್ರರ ಪುಸ್ತಕದ ರೇಖಾಚಿತ್ರಗಳಲ್ಲಿಯೂ ಅವರ ಕೈಯಿದೆ. ಆ ಹಂತದಲ್ಲಿ ಅವರ ಕುಂಚ ಹೆಚ್ಚಾಗಿ ಕಥೆಯ ಹಿಂದೆ ನಡೆಯುತ್ತಿತ್ತು.

ಮೈಸೂರಿಗೆ ಮರಳಿದ ಮೇಲೆ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ವೀಣೆಯ ಸಾಧನೆ ಎಷ್ಟು ತೀವ್ರವಾಗಿತ್ತೆಂದರೆ ಚಿತ್ರಕಲೆ ಕೆಲಕಾಲ ಹಿಂದೆ ಸರಿಯಿತು. ಎರಡು ಕಲೆಗಳ ನಡುವಿನ ಈ ಎಳೆದಾಟವನ್ನೇ ಅವರು ವೀಣೆಯ ಹುಚ್ಚನ್ನು ಕುರಿತ ಒಂದು ಚಿತ್ರದ ವಸ್ತುವಾಗಿಸಿಕೊಂಡರು. ದಿನಕ್ಕಿರುವ ಗಂಟೆಗಳು ಇಷ್ಟೇ, ಅವುಗಳಲ್ಲಿ ಯಾವುದಕ್ಕೆ ಎಷ್ಟು ಎಂಬುದು ಅವರಿಗೆ ನಿತ್ಯದ ಪ್ರಶ್ನೆಯಾಗಿತ್ತು. ಅವರು ದಿನಚರಿ ಬರೆದಿಡುತ್ತಿದ್ದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಜನರ ಒಡನಾಟವನ್ನು ಅವರು ಕಡಿಮೆ ಮಾಡಿಕೊಂಡದ್ದಕ್ಕೂ ಇದೇ ಕಾರಣವಿದ್ದಿರಬೇಕು.

ಈ ಶಿಸ್ತಿನೊಡನೆ ಅವರು ಚಿತ್ರಿಸಲು ಹೋದ ಊರು ಉದಕಮಂಡಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಲು ತೊಡಗಿದ ಈ ಊರು ಕೆರೆ, ಇಗರ್ಜಿ, ಹೂದೋಟ, ಇಳಿಜಾರು ಸೂರಿನ ಮನೆಗಳೊಡನೆ ಇಂಗ್ಲೆಂಡಿನ ಹಳೆಯ ಹಳ್ಳಿಪಟ್ಟಣಗಳನ್ನು ನೆನಪಿಸುವಂತೆ ಬೆಳೆಯಿತು. ಮೈಸೂರಿಗೂ ಅದಕ್ಕೂ ಹಳೆಯ ನಂಟಿದೆ. ಅಲ್ಲಿನ ಸಂತ ಸ್ಟೀಫನ್ನರ ಇಗರ್ಜಿಯ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಸಾಗಿಸಿದವು. ಫರ್ನ್‌ಹಿಲ್ ಅರಮನೆ ಮೈಸೂರು ಒಡೆಯರದು. ಸುತ್ತಲ ಹಟ್ಟಿಗಳಲ್ಲಿ ಬಡಗರು ಆಡುವ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಉಳಿದ ಕಾಲದಲ್ಲಿಯೂ ಮಂಜು, ಮೋಡ, ಬಿಸಿಲು ಗಳಿಗೆಗೊಮ್ಮೆ ಸ್ಥಾನ ಬದಲಿಸುತ್ತವೆ.

ಜಲವರ್ಣದ ಚಿತ್ರಗಾರನಿಗೆ ಇಂಥ ಹವೆ ಕಠಿಣ ಪರೀಕ್ಷೆ. ತೇವದ ಗಾಳಿಯಲ್ಲಿ ಬಣ್ಣ ಬೇಗ ಆರದು. ಆರುವಷ್ಟರಲ್ಲಿ ಎದುರಿನ ಬೆಳಕು ಉಳಿದಿರದು. ಬಂಗಾಳದಲ್ಲಿ ಕಲಿತ ಕ್ರಮವೆಂದರೆ ಬಣ್ಣ ಹಚ್ಚಿದ ಹಾಳೆಯನ್ನು ನೀರಿನಲ್ಲಿ ತೋಯಿಸಿ, ಆರಿಸಿ, ಮತ್ತೆ ಬಣ್ಣವಿಡುವುದು. ಅಲ್ಲಿ ಮಬ್ಬು ಎಂಬುದು ಭಾವದ ಸಾಧನ. ನೀಲಗಿರಿಯಲ್ಲಿ ಮಬ್ಬು ಕಣ್ಣೆದುರಿನ ವಸ್ತುವೇ ಆಗಿತ್ತು. ಆದ್ದರಿಂದ ವೆಂಕಟಪ್ಪನವರು ಗುರುಮನೆಯ ಮಾರ್ಗವನ್ನು ಬಿಟ್ಟು, ಸೂಕ್ಷ್ಮ ವಿವರ ಮತ್ತು ಪಾರದರ್ಶಕ ವರ್ಣಗಳ ಕಡೆಗೆ ಹೊರಳಿದರು. ಒಡೆಯುವ ಮುಂಗಾರಿನ ಮೋಡ, ಬೆಟ್ಟದ ಬೆಳದಿಂಗಳು, ಸೂರ್ಯೋದಯ ಇವೇ ವಸ್ತುಗಳಾದವು. ಇಲ್ಲಿ ರಾಮನಿಲ್ಲ, ಬುದ್ಧನಿಲ್ಲ, ಹೇಳಬೇಕಾದ ಕಥೆಯೂ ಇಲ್ಲ. ಕಥೆಯ ಆಸರೆಯಿಲ್ಲದೆ ಗಾಳಿ ಬೆಳಕುಗಳನ್ನೇ ನಂಬಿ ಕೂರಲು ಬೇಕಾದ ತಾಳ್ಮೆ ನಿತ್ಯದ ಶಿಸ್ತಿನಿಂದಲೇ ಬರಬೇಕಾದದ್ದು. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಹೊರಬಂದ ವರ್ಷವೂ 1926 ಎಂಬುದು ಗಮನಾರ್ಹ. ಕವಿ ಇಂಗ್ಲಿಷ್ ಕಾವ್ಯದಿಂದ ಕನ್ನಡಕ್ಕೆ ಹೊಸ ಲಯ ತಂದರೆ, ಚಿತ್ರಗಾರ ಇಂಗ್ಲಿಷರು ಕಟ್ಟಿದ ಊರಿನಲ್ಲಿ ಕುಳಿತು ತನ್ನದೇ ಕಣ್ಣನ್ನು ಕಂಡುಕೊಂಡರು.

ಆದರೆ ಈ ನೋಟಕ್ಕೊಂದು ಮಿತಿಯಿದೆ. 1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದ ಗಾಂಧೀಜಿ ಬೆಂಗಳೂರಿನಲ್ಲಿ ಈ ಚಿತ್ರಗಳನ್ನು ನೋಡಿ ಮೆಚ್ಚಿದರು. ಜೊತೆಗೆ, ಚಿತ್ರದ ಗುಡಿಸಲೊಂದರಲ್ಲಿ ಚರಕ ಕಂಡಿದ್ದರೆ ತಮಗೆ ಇನ್ನೂ ಸಂತೋಷವಾಗುತ್ತಿತ್ತೆಂಬ ಆಶಯವನ್ನೂ ತಿಳಿಸಿದರು. ಇದನ್ನು ಕಲೆಯ ಮೇಲೆ ಹೇರಿದ ರಾಜಕಾರಣವೆಂದು ತಳ್ಳಿಹಾಕುವುದು ಸುಲಭ. ಆದರೆ ಬಡಗರ, ತೋಡರ ಬೆಟ್ಟದಲ್ಲಿ ದುಡಿಯುವ ಮನುಷ್ಯ ಎಲ್ಲಿ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಜನರಿಂದ ದೂರವಿದ್ದು ಗಳಿಸಿದ ಏಕಾಗ್ರತೆ ಚಿತ್ರಗಳಿಗೆ ಮಂಜಿನ ನಿಖರತೆಯನ್ನು ಕೊಟ್ಟಿತು. ಅದೇ ಏಕಾಗ್ರತೆ ಹಟ್ಟಿಯ ಒಲೆಯ ಹೊಗೆಯನ್ನು ಹೊರಗಿಟ್ಟಿತು. ಗಳಿಕೆ ಮತ್ತು ನಷ್ಟಗಳೆರಡೂ ಒಂದೇ ದಿನಚರಿಯ ಫಲ.

1940ರಲ್ಲಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳ ಕೆಲಸವನ್ನು ಕುರಿತು ಅರಮನೆಯೊಡನೆ ಎದ್ದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಆಸ್ಥಾನ ಚಿತ್ರಗಾರರ ಮನೆತನದವನೊಬ್ಬ ತನ್ನ ಶ್ರಮದ ಬೆಲೆಯನ್ನು ಹಕ್ಕಾಗಿ ಕೇಳಿದ್ದು ಸಾಮಾನ್ಯ ಸಂಗತಿಯಲ್ಲ. ಆಶ್ರಿತನು ಕೃಪೆಗೆ ಕಾಯುತ್ತಾನೆ. ತನ್ನ ಸಮಯದ ಲೆಕ್ಕವನ್ನು ತಾನೇ ಇಟ್ಟವನು ಕೂಲಿಯ ಲೆಕ್ಕವನ್ನೂ ಕೇಳಬಲ್ಲ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ನಿಧನದ ಹತ್ತು ವರ್ಷಗಳ ಅನಂತರ, 1975ರಲ್ಲಿ, ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆಯಿತು.

ನವೋದಯದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಕವನ ಸಂಕಲನಗಳಿಂದ ಕಟ್ಟಿದ್ದೇವೆ. ಬೂದಿಗೆರೆಯ ಕವಿಯೊಬ್ಬರು ಈ ಚಿತ್ರಗಾರನ ಬದುಕನ್ನು ಬರೆಯಹೊರಟದ್ದು ಆ ಚರಿತ್ರೆಯ ಎಲ್ಲೆಯನ್ನು ಹಿಗ್ಗಿಸಬೇಕೆಂಬ ಸೂಚನೆ. ಆಶ್ರಯದಿಂದ ಸ್ವಾಧೀನತೆಯ ಕಡೆಗೆ ಕನ್ನಡದ ಕಲಾವಿದ ನಡೆದ ದಾರಿ ಉದಕಮಂಡಲದ ಆ ಸಣ್ಣ ಹಾಳೆಗಳಲ್ಲಿಯೂ ಇದೆ.