ಗಳಿಗೆ ತಿದ್ದಿದ ಗುರು: ವೆಂಕಟೇಶ ಬಾಪೂಜಿ ಕೇತ್ಕರ್

ನನ್ನ ಬಾಲ್ಯದಲ್ಲಿ ದೇವದುರ್ಗದ ನಮ್ಮ ಮನೆಯಲ್ಲೊಂದು ಪಂಚಾಂಗವಿತ್ತು; ಮಾನ್ವಿಯ ಸೋದರಮಾವನವರ ಮನೆಯಲ್ಲಿ ಮತ್ತೊಂದು. ಒಂದು ವರ್ಷ ತಾತನ ಶ್ರಾದ್ಧದ ತಿಥಿಯು ಎರಡರಲ್ಲಿ ಎರಡು ದಿನವಾಗಿ ಬಂದಿತು. ಅವ್ವ ಮಾನ್ವಿ ಸೇರುವಷ್ಟರಲ್ಲಿ ಕರ್ಮವು ಹಿಂದಿನ ದಿನವೇ ಮುಗಿದುಹೋಗಿತ್ತು. ಆಕೆ ಮಾತಿಲ್ಲದೆ ಕಂಬಕ್ಕೊರಗಿ ಕುಳಿತದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಚಂದ್ರನೊಬ್ಬನೇ ಇರುವಾಗ ತಿಥಿಗಳೆರಡೇಕೆ? ಈ ಪ್ರಶ್ನೆಯೇ ನನ್ನನ್ನು ಕೇತ್ಕರರ ಬಳಿಗೆ ಕರೆದೊಯ್ದಿತು.

ಕೇತ್ಕರರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ಸೇರಿ, ಬಾಗಲಕೋಟೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಸೂರ್ಯ ಚಂದ್ರರ ನಡುವಣ ಅಂತರವು 12 ಅಂಶ ಬೆಳೆದರೆ ಒಂದು ತಿಥಿ. ಚಂದ್ರಗತಿಯ ಹಲವು ಏರುಪೇರುಗಳು ಪ್ರಾಚೀನ ಗಣಿತದಲ್ಲಿ ಸೇರಿರಲಿಲ್ಲವಾದ್ದರಿಂದ ತಿಥಿಯು ಕೆಲವು ಗಳಿಗೆ ಹಿಂದು ಮುಂದಾಗುತ್ತಿತ್ತು. ಕೇತ್ಕರರು ಆಧುನಿಕ ಖಗೋಳವಿಜ್ಞಾನದ ಅಂಕಿಗಳನ್ನು ಸ್ವೀಕರಿಸಿ, ಜೋತಿಷಿಗಳಿಗೆ ಪರಿಚಿತವಾದ ಸಂಸ್ಕೃತದಲ್ಲಿಯೇ ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ಗಳನ್ನು ರಚಿಸಿದರು. ರೂಪವು ಹಳೆಯದು, ಪ್ರಮಾಣವು ಆಕಾಶದ್ದು. ರಾಶಿಚಕ್ರದ ಆರಂಭವನ್ನು ಚಿತ್ರಾ ನಕ್ಷತ್ರದಿಂದ ಅಳೆಯಬೇಕೆಂಬುದು ಅವರ ಪಕ್ಷ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ 1955ರ ವರದಿಯೂ ಆ ನಕ್ಷತ್ರವನ್ನೇ ಆಧರಿಸಿತು.

1911ರಲ್ಲಿ ಅವರು ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ನೆಪ್ಚೂನಿನಾಚೆಗೂ ಗ್ರಹಗಳುಂಟೆಂದು ಬರೆದು, ಒಂದರ ಪರಿಭ್ರಮಣ ಕಾಲವನ್ನು ಸುಮಾರು 242 ವರ್ಷವೆಂದು ಗಣಿಸಿದರು. 1930ರಲ್ಲಿ ಕಂಡುಬಂದ ಪ್ಲೂಟೋವಿನ ಕಾಲ ಸುಮಾರು 248 ವರ್ಷ. ಇದನ್ನು ಕಾಕತಾಳೀಯವೆಂದರೂ ತಪ್ಪಾಗದು. ಅದೇ ವರ್ಷದ ಆಗಸ್ಟಿನಲ್ಲಿ ಕೇತ್ಕರರು ತೀರಿಕೊಂಡರು.

ಪಂಚಾಂಗದ ಆ ತೊಡಕು ಇಂದು ಗಣಕಯಂತ್ರದೊಳಗೆ ಹೊಕ್ಕಿದೆ. 1967ರಿಂದ ಸೆಕೆಂಡೆಂದರೆ ಸೀಸಿಯಮ್ ಪರಮಾಣುವಿನ ವಿಕಿರಣದ 9,192,631,770 ಕಂಪನಗಳ ಕಾಲ. ಪರಮಾಣುವಿನ ಗಡಿಯಾರ ತಪ್ಪದು. ಭೂಮಿಯ ಆವರ್ತನೆಯಾದರೋ ಏಕರೀತಿಯದಲ್ಲ. ಚಾಂದ್ರವರ್ಷವನ್ನು ಸೌರವರ್ಷಕ್ಕೆ ಹೊಂದಿಸಲು ನಾವು ಅಧಿಕಮಾಸವನ್ನಿಟ್ಟಂತೆ, 1972ರಿಂದ 2016ರ ಕೊನೆಯವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಯಿತು. ಆದರೆ 1970ರ ಜನವರಿ 1ರಿಂದ ಎಣಿಸುವ ಗಣಕಗಳ ಲೆಕ್ಕದಲ್ಲಿ ದಿನಕ್ಕೆ 86,400 ಸೆಕೆಂಡುಗಳಷ್ಟೆ, ಹೆಚ್ಚಿನದಕ್ಕೆ ಸ್ಥಳವಿಲ್ಲ. ಕೆಲವು ಒಂದೇ ಸೆಕೆಂಡನ್ನು ಎರಡು ಬಾರಿ ಎಣಿಸಿದರೆ, ಕೆಲವು ಅದನ್ನು ದಿನವಿಡೀ ಹರಡಿಬಿಡುತ್ತವೆ. ಈ ಗೊಂದಲ ಸಾಕೆಂದು, 2035ರೊಳಗಾಗಿ ಗಡಿಯಾರಕ್ಕೂ ಭೂಮಿಗೂ ಇರಬಹುದಾದ ಅಂತರದ ಮಿತಿಯನ್ನು ಹೆಚ್ಚಿಸಲು 2022ರ ಅಂತರರಾಷ್ಟ್ರೀಯ ಸಮ್ಮೇಳನವು ನಿರ್ಣಯಿಸಿತು.

ಕೇತ್ಕರರು ಲೆಕ್ಕವನ್ನು ಆಕಾಶದೆಡೆಗೆ ಎಳೆದು ತಂದರು. ನಮ್ಮ ಕಾಲವು ಲೆಕ್ಕದ ನೆಮ್ಮದಿಗಾಗಿ ಆಕಾಶವನ್ನು ತುಸು ಸಡಿಲಬಿಡಲು ಒಪ್ಪಿದೆ. ಎರಡಕ್ಕೂ ಕಾರಣವುಂಟು. ಆದರೆ ಎಲ್ಲರೂ ಒಂದೇ ಲೆಕ್ಕವನ್ನು ಒಪ್ಪದಿದ್ದರೆ, ದೇವದುರ್ಗದಿಂದ ಹೊರಟ ಮಗಳು ಮಾನ್ವಿಯನ್ನು ಸೇರುವುದು ತಡವಾಗಿಯೇ.