ಹೊಲಕ್ಕೆ ಒಡೆತನ, ಗುಡಿಸಲಿಗೆ ಘೋಷಣೆ: ದೇವರಾಜ ಅರಸು ಮತ್ತು ಸೂರಿಲ್ಲದವರ ಬೆಂಗಳೂರು

ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದ ಮುಖ್ಯಮಂತ್ರಿ ಎಂದೇ ಡಿ. ದೇವರಾಜ ಅರಸು ನಾಡಿಗೆ ಪರಿಚಿತರು. ನಗರದ ಗುಡಿಸಲುವಾಸಿಗಳಿಗಾಗಿ ಅವರ ಸರ್ಕಾರ ತಂದ ಕಾನೂನು ಮಾತ್ರ ಅಷ್ಟಾಗಿ ಚರ್ಚೆಗೆ ಬಂದದ್ದಿಲ್ಲ. ಬೆಂಗಳೂರಿನ ಕೊಳಗೇರಿಗಳ ಹಕ್ಕುಪತ್ರದ ಹೋರಾಟ ಬೆಳೆದದ್ದು ಆ ಕಾನೂನಿನ ನೆರಳಿನಲ್ಲೇ.

1915ರ ಆಗಸ್ಟ್ 20ರಂದು ಜನಿಸಿದ ಅರಸು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರೂ ನೌಕರಿ ಅರಸದೆ ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆ. 1972ರ ಮಾರ್ಚ್ 20ರಂದು ಮುಖ್ಯಮಂತ್ರಿ ಪದವಿ.

ಅಷ್ಟರಲ್ಲಿ ಅವರು ಓದಿದ್ದ ಬೆಂಗಳೂರು ಗುರುತು ಸಿಗದಷ್ಟು ಬದಲಾಗಿತ್ತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1971ರಲ್ಲಿ 16.5 ಲಕ್ಷ ದಾಟಿತ್ತು. ಪಶ್ಚಿಮದಲ್ಲಿ ಬಿನ್ನಿ ಮಿಲ್ಲು, ರಾಜಾಜಿನಗರದ ಕೈಗಾರಿಕಾ ಬಡಾವಣೆ, 1957ರಲ್ಲಿ ಅಲ್ಲಿಗೆ ಸ್ಥಳಾಂತರಗೊಂಡ ಸಾಬೂನು ಕಾರ್ಖಾನೆ. ತಮಿಳುನಾಡು, ಆಂಧ್ರ ಮತ್ತು ರಾಜ್ಯದ ಬರಪೀಡಿತ ಜಿಲ್ಲೆಗಳಿಂದ ಕೂಲಿ ಅರಸಿ ಬಂದವರಿಗೆ ನಗರದಲ್ಲಿ ಕೆಲಸವಿತ್ತು, ನಿವೇಶನವಿರಲಿಲ್ಲ. ಬಡಾವಣೆಗಳಿಗೆ ಕಲ್ಲು-ಗಾರೆ ಹೊತ್ತವರು ರೈಲು ಹಳಿ, ರಾಜಕಾಲುವೆ, ಕೆರೆಯಂಗಳದ ಬದಿಯಲ್ಲಿ ಗುಡಿಸಲು ಹಾಕಿಕೊಂಡರು.

ಅರಸು ಸರ್ಕಾರ 1973ರ ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನ ಕಾಯ್ದೆಯನ್ನು ರೂಪಿಸಿತು. 1975ರಲ್ಲಿ ಪ್ರತ್ಯೇಕ ಮಂಡಳಿ ಅಸ್ತಿತ್ವಕ್ಕೆ ಬಂತು. ಕಾಯ್ದೆಯ 3ನೇ ಕಲಮಿನಡಿ ಒಂದು ಪ್ರದೇಶವನ್ನು ಕೊಳಗೇರಿ ಎಂದು ಘೋಷಿಸಿದರೆ ಅಲ್ಲಿ ನೀರು, ಚರಂಡಿ, ಶೌಚಾಲಯ ಒದಗಿಸಲು ಮಂಡಳಿಗೆ ದಾರಿ ತೆರೆಯುತ್ತದೆ. ಸಕ್ಷಮ ಅಧಿಕಾರಿಯ ಅನುಮತಿಯಿಲ್ಲದೆ ಅಲ್ಲಿನ ಬಾಡಿಗೆದಾರರನ್ನು ಒಕ್ಕಲೆಬ್ಬಿಸುವಂತಿಲ್ಲ. ಅದೇ ಕಾಯ್ದೆ ತೆರವಿಗೂ ಅವಕಾಶ ನೀಡುತ್ತದೆ. ರಕ್ಷಣೆ, ತೆರವು ಎರಡಕ್ಕೂ ಒಂದೇ ಹೊತ್ತಗೆ!

1974ರ ಭೂಸುಧಾರಣೆ ತಿದ್ದುಪಡಿಗೆ ಇಂಥ ಗೊಂದಲವಿರಲಿಲ್ಲ. ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆತನವನ್ನೇ ಕೇಳಬಹುದಿತ್ತು. ಹಳ್ಳಿಯ ನಿರ್ಗತಿಕರಿಗೆ ಉಚಿತ ನಿವೇಶನ, ಜನತಾ ಮನೆಗಳೂ ದೊರೆತವು. ಹಳ್ಳಿಯನ್ನು ಬಲ್ಲ ಅರಸು ಭೂಮಾಲೀಕರನ್ನು ಎದುರು ಹಾಕಿಕೊಂಡರು; ನಗರದ ನೆಲದ ಪ್ರಶ್ನೆಯಲ್ಲಿ ಆ ದಿಟ್ಟತನ ಅರ್ಧಕ್ಕೇ ನಿಂತಿತೆನ್ನಬೇಕು. 1976ರ ನಗರ ಭೂಮಿತಿ ಕಾಯ್ದೆಯನ್ನು ರಾಜ್ಯ ಒಪ್ಪಿಕೊಂಡರೂ ಹೆಚ್ಚುವರಿ ಭೂಮಿ ಬಡವರ ಕೈಸೇರಿದ್ದು ಅತ್ಯಲ್ಪ. 1999ರಲ್ಲಿ ಆ ಕಾಯ್ದೆಯೇ ರದ್ದಾಯಿತು. ಮಂಡಳಿ ಕಣ್ಣು ಬಿಟ್ಟ ಕಾಲವೂ ತುರ್ತುಪರಿಸ್ಥಿತಿಯದು. ದೆಹಲಿಯ ತುರ್ಕಮಾನ್ ಗೇಟ್ ಬಳಿ ಬುಲ್ಡೋಜರ್ ನುಗ್ಗಿದ್ದ ಆ ದಿನಗಳಲ್ಲಿ ಬೀದಿಗಿಳಿದು ಮನೆ ಕೇಳುವ ಹಕ್ಕೇ ಮೊಟಕಾಗಿತ್ತು.

1980ರ ಜನವರಿಯಲ್ಲಿ ಅಧಿಕಾರ ಕಳೆದುಕೊಂಡ ಅರಸು 1982ರ ಜೂನ್ 6ರಂದು ನಿಧನರಾದರು. 1981ರ ಜನಗಣತಿಯಲ್ಲಿ ಬೆಂಗಳೂರು 29 ಲಕ್ಷ ಮುಟ್ಟಿತ್ತು. ಮಂಡಳಿಯ ಹೆಸರಿನಿಂದ ‘ನಿರ್ಮೂಲನ’ ಪದ ಕಳಚಿ ‘ಅಭಿವೃದ್ಧಿ’ ಬಂದದ್ದು ಬಹಳ ತಡವಾಗಿ. ಕೊಳಗೇರಿ ಸಂಘಟನೆಗಳ ಮನವಿಪತ್ರಗಳಲ್ಲಿ ಮಾತ್ರ ಎರಡು ಬೇಡಿಕೆಗಳು ಬದಲಾಗದೆ ಉಳಿದಿವೆ: ಮೊದಲು 3ನೇ ಕಲಮಿನ ಘೋಷಣೆ, ಆಮೇಲೆ ಹಕ್ಕುಪತ್ರ.