ಗೋಡೆ ಬಿದ್ದರೂ ಕಟ್ ಮಾಡದ ಕೀಟನ್

ಮನೆಯ ಮುಂದಿನ ಗೋಡೆ ಪೂರ್ತಿ ಕಳಚಿ ಮುಂದಕ್ಕೆ ಬೀಳುತ್ತೆ. ಕೆಳಗೆ ಒಬ್ಬರು ನಿಂತಿದ್ದಾರೆ. ಮೇಲಿನ ಕಿಟಕಿಯ ಖಾಲಿ ಜಾಗ ಸರಿಯಾಗಿ ಅವರ ಮೇಲೇ ಬರುತ್ತೆ. ಸುತ್ತ ಧೂಳು, ನಡುವೆ ಅವರು ಹಾಗೇ ನಿಂತಿರ್ತಾರೆ. ನಮ್ಮಲ್ಲಿ ತುಂಬಾ ಜನ ಇದನ್ನ ಯಾವುದೋ ರೀಲ್‌ನಲ್ಲಿ ನೋಡಿ, ಗ್ರಾಫಿಕ್ಸ್ ಇರಬೇಕು ಅಂತ ಮುಂದಕ್ಕೆ ಹೋಗಿರ್ತೀವಿ. ಆದರೆ ಇದು 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಸಿನಿಮಾದ ಶಾಟ್. ಗೋಡೆಯ ತೂಕ ಸುಮಾರು ಎರಡು ಟನ್. ಕೆಳಗೆ ನಿಂತವರು ಬಸ್ಟರ್ ಕೀಟನ್. ಎರಡೂ ನಿಜ.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ. ಅಪ್ಪ ಅಮ್ಮ ಊರೂರು ಸುತ್ತಿ ಹಾಸ್ಯ ಪ್ರದರ್ಶನ ಕೊಡುತ್ತಿದ್ದ ರಂಗ ಕಲಾವಿದರು. ಮಗನ ಬಟ್ಟೆಗೆ ಸೂಟ್‌ಕೇಸಿನ ಹಿಡಿ ಹೊಲಿದು, ಅಪ್ಪ ಅವನನ್ನ ಸ್ಟೇಜ್ ಮೇಲೆ ಎತ್ತಿ ಎಸೀತಿದ್ರು! ಪೆಟ್ಟಾಗದ ಹಾಗೆ ಬೀಳೋದು ಹೇಗೆ ಅಂತ ಹುಡುಗ ಅಲ್ಲೇ ಕಲಿತ. ತಾನು ನಗದೇ ಇದ್ದರೆ ಜನ ಇನ್ನೂ ಜಾಸ್ತಿ ನಗ್ತಾರೆ ಅನ್ನೋದನ್ನೂ ಕಲಿತ. 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಹಾಸ್ಯನಟ ರಾಸ್ಕೋ ಆರ್ಬಕಲ್ ಜೊತೆ ಸಿನಿಮಾಕ್ಕೆ ಬಂದರು. ನಟನೆಗಿಂತ ಮೊದಲು ಅವರಿಗೆ ಹಿಡಿಸಿದ್ದು ಕ್ಯಾಮೆರಾ. ಅದರ ಒಳಗೆ ಏನಿದೆ, ಹೇಗೆ ಓಡುತ್ತೆ ಅಂತ ತಿಳಿದುಕೊಂಡೇ ಮುಂದಿನ ಕೆಲಸ.

1920ರ ಹೊತ್ತಿಗೆ ಸ್ವಂತ ಚಿತ್ರಗಳು ಶುರುವಾದವು. ಅವುಗಳಲ್ಲಿ ಫ್ರೇಮಿಂಗ್ ನಿಯಮ ಸರಳ. ಸಾಹಸ ಮಾಡುವಾಗ ತಲೆಯಿಂದ ಕಾಲಿನವರೆಗೆ ಇಡೀ ದೇಹ ಕಾಣಬೇಕು. ಅಪಾಯ ಮತ್ತು ಮನುಷ್ಯ ಒಂದೇ ಫ್ರೇಮ್‌ನಲ್ಲಿರಬೇಕು. ಮಧ್ಯೆ ಕಟ್ ಬಂದರೆ ನೋಡುವವರಿಗೆ ಅನುಮಾನ ಬರುತ್ತೆ.

ಈಗ ಗೋಡೆ ಶಾಟ್ ಮತ್ತೆ ನೋಡೋಣ. ಕ್ಯಾಮೆರಾ ದೂರದಲ್ಲಿ, ಕದಲದೆ ನಿಂತಿದೆ. ಮನೆಯ ಮುಖ ಪೂರ್ತಿ ಕಾಣುತ್ತೆ, ಅದರ ಮುಂದೆ ಕೀಟನ್ ಚಿಕ್ಕದಾಗಿ ಕಾಣ್ತಾರೆ. ಅವರ ಬೆನ್ನು ಮನೆ ಕಡೆಗಿದೆ. ಹಾಗಾಗಿ ಗೋಡೆ ಬರೋದು ನಮಗೆ ಗೊತ್ತು, ಅವರ ಪಾತ್ರಕ್ಕೆ ಗೊತ್ತಿಲ್ಲ. ಇದೇ ಶಾಟ್ ಕ್ಲೋಸಪ್‌ನಲ್ಲಿದ್ದಿದ್ದರೆ ಮುಖ ಕಾಣ್ತಿತ್ತು, ಗೋಡೆ ಕಾಣ್ತಿರಲಿಲ್ಲ; ಎದೆ ಝಲ್ಲೆನ್ನುತ್ತಲೂ ಇರಲಿಲ್ಲ.

ಲೆಕ್ಕವೂ ಮಜವಾಗಿದೆ. ಗೋಡೆ ಬುಡದಲ್ಲಿ ಬಾಗಿಲಿನ ಹಿಂಜಿನ ಹಾಗೆ ತಿರುಗುತ್ತೆ. ಕಿಟಕಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರದಲ್ಲಿ ಕಾಲಿರಬೇಕು. ಆದರೆ ಬುಡದಿಂದ ತಲೆಗೆ ಇರುವ ದೂರ ಕಾಲಿಗಿಂತ ಸ್ವಲ್ಪ ಜಾಸ್ತಿ, ಅದು ನಮ್ಮ ಪೈಥಾಗೊರಸ್ ತ್ರಿಕೋನದ ಕರ್ಣ. ಕಿಟಕಿ ಎರಡನ್ನೂ ದಾಟಿಸಬೇಕು. ಉಳಿದ ಜಾಗ ಕೆಲವೇ ಇಂಚು. ಇದು ಒಂದೇ ದಿನ ಹೊಳೆದ ಐಡಿಯಾ ಅಲ್ಲ. 1920ರ ‘ಒನ್ ವೀಕ್’ನಲ್ಲೂ ಹೀಗೇ ಒಂದು ಗೋಡೆ ಅವರ ಮೇಲೆ ಬೀಳುತ್ತೆ. ಎಂಟು ವರ್ಷದಲ್ಲಿ ಗೋಡೆಯೂ ಬೆಳೀತು, ಅಪಾಯವೂ ಬೆಳೀತು.

1926ರ ‘ದಿ ಜನರಲ್’ನಲ್ಲಿ ಅವರು ರೈಲ್ ಇಂಜಿನ್ನಿನ ಚಕ್ರಗಳನ್ನು ಜೋಡಿಸುವ ರಾಡ್ ಮೇಲೆ ಬೇಜಾರಾಗಿ ಕೂತಿರ್ತಾರೆ. ಇಂಜಿನ್ ಹೊರಡುತ್ತೆ, ರಾಡ್ ಜೊತೆ ಅವರೂ ಮೇಲೆ ಕೆಳಗೆ ಹೋಗ್ತಾರೆ. ಚಕ್ರ ಒಮ್ಮೆ ಜಾರಿ ಜೋರಾಗಿ ತಿರುಗಿದ್ದರೆ ಪ್ರಾಣಕ್ಕೇ ಕುತ್ತು. ಅದೇ ಚಿತ್ರಕ್ಕೆ ಆರೆಗಾನ್ ರಾಜ್ಯದಲ್ಲಿ ನಿಜವಾದ ಇಂಜಿನ್ನನ್ನೇ ಸೇತುವೆ ಸಮೇತ ನದಿಗೆ ಬೀಳಿಸಿದರು. ಅಷ್ಟು ಖರ್ಚು ಮಾಡಿದ ಸಿನಿಮಾ ಆಗ ಓಡಲಿಲ್ಲ.

1928ರಲ್ಲಿ ಕೀಟನ್ ಎಂಜಿಎಂ ಸ್ಟುಡಿಯೋ ಸೇರಿದರು. ಸಂಬಳ ಇತ್ತು, ಸ್ವಾತಂತ್ರ್ಯ ನಿಧಾನವಾಗಿ ಹೋಯ್ತು. ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಬೇರೆಯವರು ನಿರ್ಧರಿಸತೊಡಗಿದರು. ಕುಡಿತ ಹೆಚ್ಚಾಯ್ತು, ಮದುವೆ ಮುರೀತು, 1933ರಲ್ಲಿ ಕೆಲಸವೂ ಹೋಯ್ತು. ಎರಡು ಟನ್ ಗೋಡೆ ಮಾಡದ ಗಾಯ ಇದು ಮಾಡಿತು ಅಂತ ನಮಗನ್ನಿಸುತ್ತೆ. ಆಮೇಲೆ ಅದೇ ಸ್ಟುಡಿಯೋದಲ್ಲಿ ಬೇರೆ ನಟರಿಗೆ ಹಾಸ್ಯ ಸನ್ನಿವೇಶ ಹೆಣೆದುಕೊಟ್ಟು ಬದುಕಿದರು.

ಹಳೇ ಚಿತ್ರಗಳನ್ನ ಜನ ಮತ್ತೆ ನೋಡೋಕೆ ಶುರು ಮಾಡಿದ್ದು ಅವರ ಮುಪ್ಪಿನಲ್ಲಿ. 1960ರಲ್ಲಿ ಗೌರವ ಆಸ್ಕರ್ ಬಂತು. 1966ರ ಫೆಬ್ರವರಿ 1ರಂದು ತೀರಿಕೊಂಡರು. 1987ರ ‘ಪ್ರಾಜೆಕ್ಟ್ ಎ ಭಾಗ 2’ರಲ್ಲಿ ಜಾಕಿ ಚಾನ್ ಕೂಡ ಹಾಗೇ ಬೀಳುವ ಗೋಡೆಯ ಕೆಳಗೆ ನಿಂತರು.

ಮುಂದಿನ ಸಲ ಆ ರೀಲ್ ಬಂದಾಗ ಬೇಗ ತಳ್ಳೋದು ಬೇಡ. ಫ್ರೇಮಿನ ಕೆಳಗೆ ಆ ಚಿಕ್ಕ ಆಕೃತಿಯನ್ನ ಒಮ್ಮೆ ನೋಡೋಣ. ಅಲ್ಲಿ ನಿಂತಿರೋದು ಡೂಪ್ ಅಲ್ಲ.